ಸಿಕಲ್ ಸೆಲ್ ನೋವು: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಿಕಲ್ ಸೆಲ್ ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುವಾಯಿತು. 17 ರಾಜ್ಯಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸುವ ಗುರಿ ಅದರದ್ದು. ಕರ್ನಾಟಕವೂ ಆ ಪಟ್ಟಿಯಲ್ಲಿದೆ. ಎಚ್.ಡಿ. ಕೋಟೆ, ಚಾಮರಾಜನಗರ, ಕೊಡಗಿನ ಹಾಡಿ, ಪೋಡುಗಳಲ್ಲಿ ಈ ಕಾಯಿಲೆಯ ಹೆಸರು ಈಗ ಎಲ್ಲರಿಗೂ ಗೊತ್ತು. ಪರೀಕ್ಷೆ ಆಗುತ್ತದೆ, ಕಾರ್ಡ್ ಕೈಗೆ ಬರುತ್ತದೆ. ಆದರೆ ರಾತ್ರಿ ಹೊತ್ತು ಕಾಲು ಹಿಡಿದುಕೊಂಡು ನರಳುವವರಿಗೆ ಏನು ಮಾಡಬೇಕು ಎಂದು ಹೇಳುವವರು ಕಡಿಮೆ. ಇಲ್ಲಿರುವ ಉತ್ತರಗಳು ಆ ನೋವಿನ ಬಗ್ಗೆ, ಅದರಲ್ಲೂ ದಿನಾ ಕಾಡುವ ನೋವಿನ ಬಗ್ಗೆ. ಯಾವ ಔಷಧ ಎಷ್ಟು ತೆಗೆದುಕೊಳ್ಳಬೇಕು ಎಂಬುದನ್ನು ಮಾತ್ರ ನಿಮ್ಮನ್ನು ನೋಡುವ ಡಾಕ್ಟರೇ ಹೇಳಬೇಕು.

ಈ ಕಾಯಿಲೆಯಲ್ಲಿ ನೋವು ಯಾಕೆ ಬರುತ್ತದೆ?

ಕೆಂಪು ರಕ್ತಕಣ ದುಂಡಗೆ, ಮೆತ್ತಗೆ ಇರಬೇಕು. ಸಿಕಲ್ ಸೆಲ್ ಇರುವವರಲ್ಲಿ ಆಮ್ಲಜನಕ ಕಡಿಮೆಯಾದಾಗ ಅದು ಕುಡುಗೋಲಿನ ಹಾಗೆ ಬಾಗಿ ಗಟ್ಟಿಯಾಗುತ್ತದೆ. ಅಂಥ ಕಣಗಳು ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಮುಂದಿನ ಭಾಗಕ್ಕೆ ರಕ್ತ ಹೋಗುವುದಿಲ್ಲ. ರಕ್ತ ಸಿಗದ ಮೂಳೆ, ಮಾಂಸ ನೋಯುತ್ತದೆ. ಬೆನ್ನು, ತೊಡೆ, ಎದೆ, ಕೈಕಾಲುಗಳಲ್ಲಿ ಇದು ಜಾಸ್ತಿ. ಪುಟ್ಟ ಮಕ್ಕಳಲ್ಲಿ ಅಂಗೈ, ಅಂಗಾಲು ಊದಿಕೊಳ್ಳುವುದೇ ಎಷ್ಟೋ ಸಲ ಮೊದಲ ಸುಳಿವು.

ಕ್ರೈಸಿಸ್ ನೋವು ಬೇರೆ, ದಿನಾ ಇರುವ ನೋವು ಬೇರೆಯಾ?

ಹೌದು. ಈ ವ್ಯತ್ಯಾಸ ಗೊತ್ತಿಲ್ಲದೆಯೇ ಅರ್ಧ ಗೊಂದಲ ಆಗುವುದು.

ಕ್ರೈಸಿಸ್ ಅಂದರೆ ಇದ್ದಕ್ಕಿದ್ದಂತೆ ಬರುವ ಜೋರು ನೋವು. ಕೆಲವು ಗಂಟೆ ಇರಬಹುದು, ವಾರವೂ ಇರಬಹುದು. ಆಮೇಲೆ ಇಳಿಯುತ್ತದೆ. ದೀರ್ಘಕಾಲದ ನೋವು ಹಾಗಲ್ಲ. ಆರು ತಿಂಗಳಿನಿಂದ ಹೆಚ್ಚುಕಮ್ಮಿ ದಿನಾ ನೋವಿದೆ ಎಂದರೆ ವೈದ್ಯರು ಅದನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ಅದರ ಮೇಲೆ ಆಗಾಗ ಕ್ರೈಸಿಸ್ ಕೂಡ ಬಂದು ಕೂರಬಹುದು.

ವಯಸ್ಸಾದಂತೆ ಇದು ಹೆಚ್ಚುತ್ತದೆ. ಅಮೆರಿಕದ ವರ್ಜೀನಿಯಾದಲ್ಲಿ 232 ಮಂದಿ ದೊಡ್ಡವರಿಗೆ ದಿನಾ ನೋವಿನ ಡೈರಿ ಬರೆಯಲು ಹೇಳಿದ್ದರು. ಅದರ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಅರ್ಧಕ್ಕಿಂತ ಹೆಚ್ಚು ದಿನ ಅವರಿಗೆ ನೋವಿತ್ತು. ಸುಮಾರು ಶೇ. 29 ಮಂದಿಗೆ ನೋವಿಲ್ಲದ ದಿನವೇ ಇಲ್ಲವೆನ್ನುವಷ್ಟು ಕಡಿಮೆ. ಹೆಚ್ಚಿನವರು ಆಸ್ಪತ್ರೆಗೆ ಹೋಗದೆ ಮನೆಯಲ್ಲೇ ಸಹಿಸಿಕೊಂಡಿದ್ದರು. ಆಸ್ಪತ್ರೆಯ ದಾಖಲೆ ನೋಡಿ ಈ ಕಾಯಿಲೆಯ ನೋವನ್ನು ಅಳೆಯಲು ಆಗುವುದಿಲ್ಲ ಎನ್ನುವುದು ಅಲ್ಲಿ ಗೊತ್ತಾಯಿತು.

ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲಾ ಸರಿ ಇದೆ ಅಂತಾರೆ. ಆದರೂ ಮಗ ನೋವು ನೋವು ಅಂತಾನೆ. ಸುಮ್ನೆ ಹೇಳ್ತಿದ್ದಾನಾ?

ಇಲ್ಲ. ಸಿಕಲ್ ಸೆಲ್ ನೋವನ್ನು ತೋರಿಸುವ ರಕ್ತ ಪರೀಕ್ಷೆ ಇಲ್ಲ. ಸ್ಕ್ಯಾನ್ ಕೂಡ ಇಲ್ಲ. ಹಿಮೋಗ್ಲೋಬಿನ್ ಎಂದಿನಷ್ಟೇ ಇದ್ದರೂ ನೋವು ವಿಪರೀತ ಇರಬಹುದು. ನೋವು ಎಷ್ಟಿದೆ ಎಂದು ಹೇಳಬಲ್ಲವನು ಅದನ್ನು ಅನುಭವಿಸುತ್ತಿರುವವನೇ. ಅವನ ಮಾತೇ ಇಲ್ಲಿ ರಿಪೋರ್ಟು.

ಇನ್ನೊಂದು ವಿಷಯ. ವರ್ಷಗಟ್ಟಲೆ ನೋವು ಉಂಡವರು ಅಳುವುದಿಲ್ಲ. ಮೊಬೈಲ್ ನೋಡುತ್ತಾ, ಯಾರ ಜೊತೆಗೋ ಮಾತಾಡುತ್ತಾ ಇರುತ್ತಾರೆ. ನಕ್ಕರೂ ನಗಬಹುದು. ಅದು ನೋವಿನಿಂದ ಗಮನ ಬೇರೆಡೆ ತಿರುಗಿಸುವ ದಾರಿ. "ಅಷ್ಟು ನೋವಿದ್ದರೆ ಮೊಬೈಲ್ ಹೇಗೆ ನೋಡ್ತೀಯ?" ಎಂದು ಕೇಳುವವರು ಮನೆಯಲ್ಲೂ ಇದ್ದಾರೆ, ವಾರ್ಡಿನಲ್ಲೂ ಇದ್ದಾರೆ. ಆ ಮಾತು ಕೇಳಿದವನು ಮುಂದಿನ ಸಲ ನೋವು ಬಂದರೆ ಬಾಯಿ ಬಿಡುವುದಿಲ್ಲ.

ಇನ್ನು ದೇಹದ ಒಳಗೂ ಒಂದು ಬದಲಾವಣೆ ಆಗಿರುತ್ತದೆ. ಒಂದೇ ಕಡೆ ದಿನಾ ನಡೆದರೆ ಕಾಡಿನಲ್ಲೂ ಕಾಲುದಾರಿ ಬೀಳುತ್ತದೆ, ಅಲ್ವಾ? ನರಗಳಲ್ಲೂ ನೋವಿಗೆ ಹಾಗೇ ದಾರಿ ಬಿದ್ದಿರುತ್ತದೆ. ರಕ್ತನಾಳದ ತಡೆ ಹೋದ ಮೇಲೂ ನರ ಮತ್ತು ಮಿದುಳು ನೋವಿನ ಸುದ್ದಿ ಕಳಿಸುತ್ತಲೇ ಇರುತ್ತವೆ. ಸುಮ್ಮನೆ ಮುಟ್ಟಿದರೂ ನೋಯಬಹುದು. ಇದು ನಾಟಕವಲ್ಲ, ಸೋಮಾರಿತನವೂ ಅಲ್ಲ.

ತೊಡೆಯ ಸಂದಿನಲ್ಲಿ ನೋವು, ಸ್ವಲ್ಪ ಕುಂಟುತ್ತಾಳೆ. ಇದೂ ಅದೇನಾ?

ತಡ ಮಾಡದೆ ತೋರಿಸಿ. ತೊಡೆಮೂಳೆಯ ತಲೆಗೆ ರಕ್ತ ಸಿಗದೆ ಅದು ಸಾಯತೊಡಗಬಹುದು. ಭುಜದಲ್ಲೂ ಹೀಗೆ ಆಗುತ್ತದೆ. ಕೂತು ಏಳುವಾಗ, ಬಸ್ ಮೆಟ್ಟಿಲು ಹತ್ತುವಾಗ ನೋವು ಜಾಸ್ತಿ. ಕೆಲವರಿಗೆ ತೊಡೆಸಂದಿನ ತೊಂದರೆ ಮೊಣಕಾಲಿನ ನೋವಾಗಿ ಕಾಣುತ್ತದೆ, ಅದರಿಂದ ಮೊಣಕಾಲಿಗೇ ಔಷಧ ಹಚ್ಚುತ್ತಾ ತಿಂಗಳು ಕಳೆಯುತ್ತದೆ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು, ಎಂಆರ್‌ಐ ಬೇಕಾಗುತ್ತದೆ. ಬೇಗ ಗೊತ್ತಾದರೆ ಭಾರ ಹೊರುವುದನ್ನು ಬಿಟ್ಟು, ಊರುಗೋಲು ಹಿಡಿದು, ಫಿಸಿಯೋಥೆರಪಿಯಿಂದ ಕೀಲನ್ನು ಕಾಪಾಡಿಕೊಳ್ಳಲು ಪ್ರಯತ್ನಿಸಬಹುದು. ಮೂಳೆ ಕುಸಿದ ಮೇಲೆ ಕೀಲು ಬದಲಾಯಿಸುವ ಆಪರೇಷನ್ ಮಾತು ಬರುತ್ತದೆ.

ಪಾದದ ಗಂಟಿನ ಹತ್ತಿರ ವಾಸಿಯಾಗದ ಹುಣ್ಣು, ಬೆನ್ನುಮೂಳೆಯ ಸವೆತ, ವಿಟಮಿನ್ ಡಿ ಕೊರತೆ ಇವೂ ದಿನದ ನೋವಿಗೆ ಕಾರಣ ಆಗಬಹುದು. ಎಲ್ಲವನ್ನೂ "ಸಿಕಲ್ ಸೆಲ್ ಅಲ್ವಾ, ಇದ್ದದ್ದೇ" ಎಂದು ಬಿಡಬಾರದು.

ಮನೆಯಲ್ಲಿ ಏನು ಮಾಡಬಹುದು?

ಮೊದಲು ನೀರು. ಈ ಕಾಯಿಲೆಯಲ್ಲಿ ಮೂತ್ರಪಿಂಡಕ್ಕೆ ನೀರನ್ನು ಹಿಡಿದಿಡುವ ಶಕ್ತಿ ಕಡಿಮೆ. ಕುಡಿದದ್ದು ಬೇಗ ಹೊರಗೆ ಹೋಗುತ್ತದೆ. ಬಾಯಾರಿಕೆ ಆಗುವ ತನಕ ಕಾಯದೆ ಆಗಾಗ ಕುಡಿಯಬೇಕು. ಬರೀ ನೀರು ಸಪ್ಪೆ ಅನಿಸಿದರೆ ಮಜ್ಜಿಗೆ, ಗಂಜಿ ತಿಳಿ, ತೆಳ್ಳಗಿನ ರಾಗಿ ಅಂಬಲಿ ಆಗಬಹುದು. ಹೆಂಡ, ಸಾರಾಯಿ ನೀರನ್ನು ಇನ್ನಷ್ಟು ಹೊರಗೆ ಹಾಕುತ್ತವೆ. ಬೀಡಿಯೂ ಬೇಡ.

ಆಮೇಲೆ ಬೆಚ್ಚಗಿರುವುದು. ಚಳಿ ನಾಳಗಳನ್ನು ಬಿಗಿಯುತ್ತದೆ. ಕೊಡಗಿನ ಮಳೆಗಾಲ, ಬಿಳಿಗಿರಿರಂಗನ ಬೆಟ್ಟದ ಡಿಸೆಂಬರ್ ಈ ರೋಗಿಗಳಿಗೆ ಕಷ್ಟದ ಕಾಲ. ಒದ್ದೆ ಬಟ್ಟೆ ಕೂಡಲೇ ಬದಲಾಯಿಸಿ. ತಣ್ಣೀರಲ್ಲಿ ಮುಳುಗಿ ಈಜುವುದು ಬೇಡ. ನೋವಿಗೆ ಶಾಖ ಒಳ್ಳೆಯದು: ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು, ಚರ್ಮ ಸುಡದ ಹಾಗೆ ನೋಡಿಕೊಳ್ಳಿ. ಐಸ್ ಮಾತ್ರ ಇಡಲೇಬೇಡಿ. ಆಟದಲ್ಲಿ ಪೆಟ್ಟಾದವರಿಗೆ ಐಸ್ ಇಡುವುದನ್ನು ನೋಡಿ ಇಲ್ಲೂ ಹಾಗೇ ಮಾಡಿದರೆ ನೋವು ಹೆಚ್ಚುತ್ತದೆ.

ಹಗುರ ಕೈಯಲ್ಲಿ ಎಣ್ಣೆ ಸವರುವುದು, ನಿಧಾನವಾಗಿ ಉದ್ದ ಉಸಿರು ಎಳೆದು ಬಿಡುವುದು, ಇಷ್ಟದ ಹಾಡು ಕೇಳುವುದು, ಇವು ಚಿಲ್ಲರೆ ಉಪಾಯ ಅನಿಸಬಹುದು. ದಿನದ ನೋವಿನಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತವೆ. ನಿದ್ದೆ ಕೆಟ್ಟರೆ ಮಾರನೇ ದಿನ ನೋವು ಜಾಸ್ತಿ. ಹಾಸಿಗೆ ಹಿಡಿದು ಮಲಗಿಯೇ ಇದ್ದರೆ ಮಾಂಸ ಸೊರಗಿ ಮತ್ತೆ ನೋವು. ಹಾಗಂತ ಚೆನ್ನಾಗಿರುವ ಒಂದು ದಿನ ಮನೆಗೆಲಸ, ಹೊರಗಿನ ಕೆಲಸ ಎಲ್ಲಾ ಒಟ್ಟಿಗೆ ಮುಗಿಸಲು ಹೋದರೆ ಮೂರು ದಿನ ಮಲಗಬೇಕಾಗುತ್ತದೆ. ಸ್ವಲ್ಪ ಕೆಲಸ, ಸ್ವಲ್ಪ ವಿರಾಮ. ಒಳ್ಳೆಯ ದಿನವೂ ಅಷ್ಟೇ, ಕೆಟ್ಟ ದಿನವೂ ಅಷ್ಟೇ.

ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ತಂದು ನುಂಗಬಹುದಾ?

ಸಣ್ಣ ನೋವಿಗೆ ಪ್ಯಾರಾಸಿಟಮಾಲ್‌ನಿಂದ ಶುರು ಮಾಡುವುದು ವಾಡಿಕೆ. ದೊಡ್ಡವರಿಗೂ 24 ಗಂಟೆಯಲ್ಲಿ 4 ಗ್ರಾಂ ಮೀರಬಾರದು. ತೂಕ ಕಡಿಮೆ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ, ಕುಡಿಯುವವರಿಗೆ ಮಿತಿ ಇನ್ನೂ ಕಡಿಮೆ. ಶೀತದ ಮಾತ್ರೆಯಲ್ಲೂ, ಜೋಡಿ ನೋವಿನ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಸೇರಿರುತ್ತದೆ. ಹೆಸರು ಬೇರೆ ಎಂದು ಎರಡನ್ನೂ ನುಂಗಿದರೆ ಲೆಕ್ಕ ತಪ್ಪುತ್ತದೆ.

ಐಬುಪ್ರೊಫೇನ್, ಡೈಕ್ಲೋಫಿನಾಕ್ ವಿಷಯದಲ್ಲಿ ಹುಷಾರು. ಮೂಳೆ, ಕೀಲಿನ ನೋವಿಗೆ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಈ ಕಾಯಿಲೆಯಲ್ಲಿ ಮೂತ್ರಪಿಂಡ ಮೊದಲೇ ಸೊರಗಿರುತ್ತದೆ. ತಿಂಗಳುಗಟ್ಟಲೆ ಈ ಮಾತ್ರೆ ನುಂಗಿದರೆ ಇನ್ನೂ ಹಾಳಾಗುತ್ತದೆ, ಹೊಟ್ಟೆಯಲ್ಲಿ ಹುಣ್ಣೂ ಆಗಬಹುದು. ಡಾಕ್ಟರ್ ಬರೆದುಕೊಟ್ಟರೆ, ಹೇಳಿದಷ್ಟು ದಿನ ಮಾತ್ರ. ಬಸುರಿಯರು ಕೇಳದೆ ಮುಟ್ಟಲೇಬಾರದು.

ಊರಿನ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್, ಒಂದು ಗ್ಲೂಕೋಸ್ ಬಾಟಲಿ ಹಾಕಿದರೆ ಆರಾಮ ಆಗುತ್ತೆ. ತಪ್ಪೇನು?

ಯಾವ ಇಂಜೆಕ್ಷನ್ ಎಂದು ಕೇಳಿ. ಸ್ಟೀರಾಯ್ಡ್ ಆಗಿದ್ದರೆ ಆ ಹೊತ್ತಿಗೆ ಆರಾಮ ಅನಿಸುತ್ತದೆ, ಬಿಟ್ಟ ಮೇಲೆ ನೋವು ದುಪ್ಪಟ್ಟಾಗಿ ತಿರುಗಿ ಬರುವುದುಂಟು. ಪದೇ ಪದೇ ಹಾಕಿಸಿದರೆ ತೊಡೆಮೂಳೆಗೂ ಕೇಡು. ಪೆಥಿಡಿನ್ ಎಂಬ ನೋವಿನ ಇಂಜೆಕ್ಷನ್ ಕೂಡ ಬೇಡ. ಅದು ದೇಹದಲ್ಲಿ ಕರಗಿ ಆಗುವ ಪದಾರ್ಥ ಒಳಗೇ ಉಳಿದರೆ ಫಿಟ್ಸ್ ಬರಬಹುದು. ಗ್ಲೂಕೋಸ್ ಬಾಟಲಿಯ ಮೇಲೆ ನಮ್ಮ ಜನರಿಗೆ ಇರುವ ನಂಬಿಕೆ ದೊಡ್ಡದು. ಬಾಯಲ್ಲಿ ನೀರು ಇಳಿಯುತ್ತಿದ್ದರೆ ಬಾಯಲ್ಲೇ ಕುಡಿಯುವುದು ಒಳ್ಳೆಯದು. ಅಗತ್ಯಕ್ಕಿಂತ ಜಾಸ್ತಿ ಡ್ರಿಪ್ ಏರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯವಿದೆ.

ಮಾರ್ಫಿನ್ ಕೊಡ್ತೀವಿ ಅಂದರು. ಚಟ ಆಗಿಬಿಡುತ್ತಾ?

ಜೋರು ಕ್ರೈಸಿಸ್‌ಗೆ ಮಾರ್ಫಿನ್ ಸರಿಯಾದ ಔಷಧ. ಹೆದರಬೇಡಿ. ಅಮೆರಿಕದ ರಕ್ತರೋಗ ತಜ್ಞರ ಸಂಘ 2020ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ರೋಗಿ ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ನೋವಿನ ಔಷಧ ಸಿಗಬೇಕು, ಆಮೇಲೆ 30ರಿಂದ 60 ನಿಮಿಷಕ್ಕೊಮ್ಮೆ ನೋವು ಎಷ್ಟಿದೆ ಎಂದು ಮತ್ತೆ ನೋಡಬೇಕು. ನಮ್ಮ ತಾಲ್ಲೂಕು ಆಸ್ಪತ್ರೆಗಳು ಅಲ್ಲಿಗೆ ತಲುಪಲು ಇನ್ನೂ ದೂರ ಇದೆ. ಮಾರ್ಫಿನ್ ಸಿಗುವುದೂ ಎಲ್ಲ ಕಡೆ ಸುಲಭವಲ್ಲ. 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೆ ತಿದ್ದುಪಡಿ ತಂದು ಆಸ್ಪತ್ರೆಗಳು ಇದನ್ನು ಇಟ್ಟುಕೊಳ್ಳುವ ದಾರಿ ಸರಳ ಮಾಡಿದರು. ಕಾನೂನು ಸರಳವಾದರೂ ಹೆದರಿಕೆ ಹೋಗಿಲ್ಲ.

ದಿನದ ನೋವಿಗೆ ಮಾತ್ರ ಮಾತು ಬೇರೆ. ತಿಂಗಳುಗಟ್ಟಲೆ ದಿನಾ ಮಾರ್ಫಿನ್ ಅಥವಾ ಅದೇ ಜಾತಿಯ ಟ್ರಮಡಾಲ್ ತೆಗೆದುಕೊಂಡರೆ ಕೆಲವರಿಗೆ ನೋವು ಇಳಿಯುವ ಬದಲು ಮೈಯೇ ನೋವಿಗೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಹಾಗಾಗಿ ಅದೇ ಮಾರ್ಗಸೂಚಿ, ಬೇರೆ ದಾರಿಗಳು ಫಲ ಕೊಡದಿದ್ದಾಗ ಮಾತ್ರ ಇದನ್ನು ಯೋಚಿಸಿ ಎನ್ನುತ್ತದೆ. ಈಗಾಗಲೇ ತೆಗೆದುಕೊಳ್ಳುತ್ತಿದ್ದವರು ಒಂದೇ ಸಲ ನಿಲ್ಲಿಸಬಾರದು. ಡಾಕ್ಟರ್ ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಮಲಬದ್ಧತೆ ಬಂದೇ ಬರುತ್ತದೆ, ಅದಕ್ಕೂ ಮೊದಲೇ ಔಷಧ ಕೇಳಿ.

ನೋವು ಅಂತ ಹೋದರೆ ಡಿಪ್ರೆಶನ್ ಮಾತ್ರೆ ಬರೆದರು. ನನ್ನ ತಲೆ ಕೆಟ್ಟಿದೆ ಅಂತಾನಾ?

ಅಲ್ಲವೇ ಅಲ್ಲ. ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್ ಎಂಬ ಔಷಧಗಳು ನರದಲ್ಲಿ ಬಿದ್ದ ನೋವಿನ ದಾರಿಯನ್ನು ಮಂದ ಮಾಡುತ್ತವೆ. ಫಿಟ್ಸ್‌ಗೆ ಕೊಡುವ ಗ್ಯಾಬಪೆಂಟಿನ್ ಜಾತಿಯ ಔಷಧವೂ ಅದೇ ಕೆಲಸಕ್ಕೆ. ಪ್ಯಾಕೆಟ್ ಮೇಲೆ ಏನಿದೆ ಎಂದು ನೋಡಿ ಹೆದರಿ ಬಿಸಾಡಬೇಡಿ. ಒಂದೆರಡು ದಿನದಲ್ಲಿ ಗುಣ ಕಾಣುವುದಿಲ್ಲ, ವಾರಗಳು ಬೇಕು. ಶುರುವಿನಲ್ಲಿ ಮಂಪರು, ಬಾಯಿ ಒಣಗುವುದು ಇರುತ್ತದೆ.

ದಿನಾ ನೋವಿರುವವರಿಗೆ ಮನಸ್ಸು ಕುಗ್ಗುವುದೂ ನಿಜ. ಅದನ್ನೂ ಡಾಕ್ಟರ ಹತ್ತಿರ ಹೇಳಿಕೊಳ್ಳಿ. ಸಾಯಬೇಕು ಅನಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಹೈಡ್ರಾಕ್ಸಿಯೂರಿಯಾ ನೋವಿನ ಮಾತ್ರೆಯಾ? ನೋವು ಇಲ್ಲದ ದಿನ ಬಿಡಬಹುದಾ?

ನೋವಿನ ಮಾತ್ರೆ ಅಲ್ಲ. ದಿನಾ ತೆಗೆದುಕೊಳ್ಳಬೇಕು. ಹುಟ್ಟಿದ ಮಗುವಿನ ರಕ್ತದಲ್ಲಿ ಇರುವ ಬಗೆಯ ಹಿಮೋಗ್ಲೋಬಿನ್ ಅನ್ನು ಇದು ಮತ್ತೆ ಹೆಚ್ಚಿಸುತ್ತದೆ, ಆಗ ಕಣಗಳು ಬಾಗುವುದು ಕಡಿಮೆಯಾಗುತ್ತದೆ. 1995ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಔಷಧವಿಲ್ಲದ ಖಾಲಿ ಮಾತ್ರೆ ನುಂಗಿದವರಿಗೆ ವರ್ಷಕ್ಕೆ ನಾಲ್ಕೂವರೆಯಷ್ಟು ಕ್ರೈಸಿಸ್ ಬಂದರೆ, ಇದನ್ನು ನುಂಗಿದವರಿಗೆ ಎರಡೂವರೆಯಷ್ಟು ಬಂದಿತ್ತು. ಗುಣ ಕಾಣಲು ಮೂರರಿಂದ ಆರು ತಿಂಗಳು ಬೇಕು. ಕೆಲವರು ಎರಡನೇ ತಿಂಗಳಿಗೇ "ಏನೂ ಪ್ರಯೋಜನ ಇಲ್ಲ" ಎಂದು ಬಿಟ್ಟುಬಿಡುತ್ತಾರೆ. ಬೇಸರದ ವಿಷಯ ಇದು. ಇಷ್ಟು ಹಳೆಯ, ಇಷ್ಟು ಕಡಿಮೆ ಬೆಲೆಯ, ಇಷ್ಟು ಉಪಯೋಗದ ಔಷಧ ಈ ಕಾಯಿಲೆಗೆ ಇನ್ನೊಂದಿಲ್ಲ.

ಬಿಳಿ ರಕ್ತಕಣ ತೀರಾ ಇಳಿಯದಂತೆ ಆಗಾಗ ರಕ್ತ ಪರೀಕ್ಷೆ ಆಗಬೇಕು. ಉಗುರು ಕಪ್ಪಾದರೆ ಗಾಬರಿ ಬೇಡ. ಮಗು ಬೇಕೆಂದಿರುವ ಗಂಡ ಹೆಂಡತಿ ಮೊದಲೇ ಡಾಕ್ಟರ ಹತ್ತಿರ ಮಾತಾಡಬೇಕು. ಈಗಾಗಲೇ ಹಾಳಾದ ಮೂಳೆಯನ್ನು ಮಾತ್ರ ಇದು ಸರಿ ಮಾಡುವುದಿಲ್ಲ.

ರಕ್ತ ಹಾಕಿಸಿದರೆ ನೋವು ಹೋಗುತ್ತಾ? ಕಬ್ಬಿಣದ ಮಾತ್ರೆ?

ಬರೀ ನೋವಿಗೆ ರಕ್ತ ಕೊಡುವುದಿಲ್ಲ. ಹಿಮೋಗ್ಲೋಬಿನ್ ಎಂದಿಗಿಂತ ತೀರಾ ಇಳಿದರೆ, ಎದೆಯ ತೊಂದರೆಯಾದರೆ, ಪಾರ್ಶ್ವವಾಯು ಬಡಿದರೆ ಕೊಡುತ್ತಾರೆ. ಇದು ಕಬ್ಬಿಣ ಕಡಿಮೆಯಾಗಿ ಬರುವ ರಕ್ತಹೀನತೆ ಅಲ್ಲ. ಪದೇ ಪದೇ ರಕ್ತ ಪಡೆದವರಲ್ಲಿ ಕಬ್ಬಿಣ ಜಾಸ್ತಿಯೇ ಇರುತ್ತದೆ. ಶಾಲೆ, ಅಂಗನವಾಡಿಯಲ್ಲಿ ಕಬ್ಬಿಣದ ಮಾತ್ರೆ ಕೊಟ್ಟರೆ ಕಾರ್ಡ್ ತೋರಿಸಿ, ಡಾಕ್ಟರನ್ನು ಕೇಳಿ. ಫೋಲಿಕ್ ಆ್ಯಸಿಡ್ ಬೇರೆ, ಅದನ್ನು ಬಿಡಬೇಡಿ.

ಯಾವಾಗ ಕಾಯದೆ ಆಸ್ಪತ್ರೆಗೆ ಓಡಬೇಕು?

ಜ್ವರ 101 ಡಿಗ್ರಿ ದಾಟಿದರೆ. ಎದೆನೋವು, ಉಸಿರಾಟದ ಕಷ್ಟ, ಕೆಮ್ಮು ಸೇರಿಕೊಂಡರೆ. ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಒಂದು ಕೈಕಾಲು ಸೋತರೆ. ಮಗು ಇದ್ದಕ್ಕಿದ್ದಂತೆ ಬಿಳುಚಿಕೊಂಡು ಹೊಟ್ಟೆಯ ಎಡಭಾಗ ಊದಿದರೆ. ದೃಷ್ಟಿ ಮಂಜಾದರೆ. ಗಂಡಸರಿಗೆ, ಹುಡುಗರಿಗೆ ಜನನಾಂಗ ಬಿಗಿದು ನೋಯುತ್ತಾ 2 ಗಂಟೆ ದಾಟಿದರೆ. ಇದನ್ನು ನಾಚಿಕೆಯಿಂದ ಮುಚ್ಚಿಟ್ಟು ಕೆಟ್ಟವರಿದ್ದಾರೆ. ಹುಡುಗರಿಗೆ ಮೊದಲೇ ಹೇಳಿಡಿ. "ಇದು ನನ್ನ ಎಂದಿನ ನೋವಲ್ಲ" ಎಂದು ರೋಗಿಯೇ ಹೇಳಿದರೂ ಹೊರಡಿ. 108ಕ್ಕೆ ಕರೆ ಮಾಡಿ.

ಡಾಕ್ಟರ ಮುಂದೆ ಕೂತರೆ ಮಾತೇ ಹೊರಡಲ್ಲ. ಏನಂತ ಹೇಳಲಿ?

ನೋವು ಎಲ್ಲಿ, ಎಷ್ಟು, ಯಾವಾಗಿನಿಂದ, ಏನು ತೆಗೆದುಕೊಂಡಿರಿ, ನಿದ್ದೆ ಬಂತಾ, ಯಾವ ಕೆಲಸ ನಿಂತುಹೋಯಿತು ಎಂದು ದಿನಾ ಒಂದು ಸಾಲು ಬರೆದಿಡಿ. ಬರೆಯಲು ಬರದಿದ್ದರೆ ಕ್ಯಾಲೆಂಡರಿನಲ್ಲಿ ಗೀಟು ಹಾಕಿ: ಸಣ್ಣ ನೋವಿಗೆ ಒಂದು, ಜೋರು ನೋವಿಗೆ ಮೂರು. "ಸಾರ್, ತುಂಬಾ ನೋವು" ಎನ್ನುವುದಕ್ಕಿಂತ "ಸಾರ್, ಈ ತಿಂಗಳು ಹತ್ತು ದಿನ ಕೂಲಿಗೆ ಹೋಗಕ್ಕೆ ಆಗಲಿಲ್ಲ" ಎಂದರೆ ಬೇಗ ಅರ್ಥವಾಗುತ್ತದೆ. ನಿಮಗೆ ಹಿಂದೆ ಯಾವ ಔಷಧದಿಂದ ನೋವು ಇಳಿದಿತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು, ಡಾಕ್ಟರ ಸಹಿ ಹಾಕಿಸಿ ಇಟ್ಟುಕೊಳ್ಳಿ. ರಾತ್ರಿ ಪಾಳಿಯಲ್ಲಿ ಹೊಸ ಡಾಕ್ಟರ್ ಸಿಕ್ಕಾಗ ಆ ಚೀಟಿಗೆ ಬೆಲೆ ಗೊತ್ತಾಗುತ್ತದೆ.

ನೋವು ಪೂರ್ತಿ ಸೊನ್ನೆಯಾಗಬೇಕು ಎಂದು ಹೊರಟರೆ ನಿರಾಸೆ. ಸಂತೆಗೆ ನಡೆದು ಹೋಗಿ ಬರಬೇಕು, ಶಾಲೆಗೆ ವಾರ ಪೂರ್ತಿ ಹೋಗಬೇಕು. ಇಂಥ ಗುರಿಯನ್ನು ಡಾಕ್ಟರಿಗೆ ಹೇಳಿ.

ಶಾಲೆಯಲ್ಲಿ, ಕೆಲಸದ ಜಾಗದಲ್ಲಿ ಏನು ಹೇಳಬೇಕು?

ಮೇಷ್ಟ್ರಿಗೆ, ಆಶ್ರಮ ಶಾಲೆಯ ವಾರ್ಡನ್ನಿಗೆ ನಾಲ್ಕು ಮಾತು ಸಾಕು. ಮಗುವಿನ ಹತ್ತಿರ ನೀರಿನ ಬಾಟಲಿ ಇರಲಿ. ಮೂತ್ರಕ್ಕೆ ಕೇಳಿದಾಗಲೆಲ್ಲ ಬಿಡಿ. ಬಿಸಿಲಲ್ಲಿ ಓಡಿಸುವ, ಮಳೆಯಲ್ಲಿ ನಿಲ್ಲಿಸುವ ಶಿಕ್ಷೆ ಬೇಡ. ಹಾಸಿಗೆ ಒದ್ದೆ ಮಾಡಿಕೊಂಡರೆ ಬೈಯಬೇಡಿ, ಅದು ಮೂತ್ರಪಿಂಡದ ತೊಂದರೆ. ಕಾಫಿ ತೋಟದ ಕೆಲಸದಲ್ಲಿ ಮೂಟೆ ಹೊರುವುದು, ಮಳೆಯಲ್ಲಿ ನೆನೆಯುವುದು ಎರಡೂ ಕೆಟ್ಟದ್ದು. ಕಣದಲ್ಲಿ ಕಾಫಿ ಆರಿಸುವಂಥ ಕೆಲಸ ಕೇಳಿ ನೋಡಿ.

ನಾಟಿ ಔಷಧ ಕೊಡಿಸಬಹುದಾ? ಬರೆ ಹಾಕಿಸಬೇಕು ಅಂತಾರೆ.

ಬರೆ ಬೇಡ. ಸುಟ್ಟ ಗಾಯ ಕೀವಾದರೆ ಸೋಂಕು, ಸೋಂಕಿನಿಂದ ಮತ್ತೆ ಕ್ರೈಸಿಸ್. ಮೈಗೆ ಹಚ್ಚುವ ಎಣ್ಣೆಗೆ ಅಡ್ಡಿಯಿಲ್ಲ. ಹೊಟ್ಟೆಗೆ ಕೊಡುವ ಬೇರು, ಪುಡಿ ಇದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ, ಅವರೂ ಬೈಯಬಾರದು. ಹೈಡ್ರಾಕ್ಸಿಯೂರಿಯಾ ನಿಲ್ಲಿಸಿ ಇದನ್ನು ತಗೋ ಎನ್ನುವವರ ಮಾತು ಕೇಳಬೇಡಿ.

ನನ್ನ ಕಾರ್ಡಿನಲ್ಲಿ ವಾಹಕ ಅಂತ ಇದೆ. ನನ್ನ ಮೊಣಕಾಲು ನೋವೂ ಇದೇನಾ?

ಬಹುಮಟ್ಟಿಗೆ ಅಲ್ಲ. ವಾಹಕರು ಅಂದರೆ ಕಾಯಿಲೆಯ ಗುಣವನ್ನು ಹೊತ್ತಿದ್ದರೂ ಕಾಯಿಲೆ ಇಲ್ಲದವರು. ಅವರಿಗೆ ಸಾಮಾನ್ಯವಾಗಿ ಈ ನೋವು ಬರುವುದಿಲ್ಲ. ಬೇರೆ ಕಾರಣ ಹುಡುಕಿಸಿ.

ಪೂರ್ತಿ ಗುಣ ಆಗುವ ದಾರಿ ಇದೆಯಾ?

ಹೊಂದುವ ಅಣ್ಣ, ತಮ್ಮ, ಅಕ್ಕ, ತಂಗಿ ಇದ್ದರೆ ಅಸ್ಥಿಮಜ್ಜೆ ಕಸಿಯಿಂದ ಗುಣವಾಗಬಹುದು. ಚಿಕ್ಕ ವಯಸ್ಸಿನಲ್ಲಿ ಫಲ ಹೆಚ್ಚು. ಅಪಾಯವೂ ಖರ್ಚೂ ಇದೆ. ಜೀನ್ ತಿದ್ದುವ ಚಿಕಿತ್ಸೆಗೆ 2023ರ ಕೊನೆಯಲ್ಲಿ ಬ್ರಿಟನ್, ಅಮೆರಿಕ ಒಪ್ಪಿಗೆ ಕೊಟ್ಟವು. ಆಗ ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್ ಇತ್ತು. ಕಾಯಿಲೆ ಗುಣವಾದವರಲ್ಲೂ ಕೆಲವರಿಗೆ ಹಳೆಯ ನೋವು ಉಳಿದುಕೊಳ್ಳುತ್ತದೆ. ಸತ್ತ ಮೂಳೆ ಬದುಕುವುದಿಲ್ಲ, ಪಳಗಿದ ನರ ಬೇಗ ಮರೆಯುವುದಿಲ್ಲ.

ಸರ್ಕಾರದಿಂದ ಏನು ಸಿಗುತ್ತದೆ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಹೇಳಿರುವ 21 ಬಗೆಯ ವೈಕಲ್ಯಗಳಲ್ಲಿ ಸಿಕಲ್ ಸೆಲ್ ಕೂಡ ಒಂದು. ವಿಕಲಚೇತನರಿಗೆ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. ಹೆಚ್ಚಿನ ಸೌಲಭ್ಯಗಳಿಗೆ ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಎಂದು ಪ್ರಮಾಣಪತ್ರದಲ್ಲಿ ಇರಬೇಕು. ವೈದ್ಯಕೀಯ ಮಂಡಳಿಯ ಮುಂದೆ ಹೋಗುವಾಗ ಎಚ್‌ಪಿಎಲ್‌ಸಿ ರಿಪೋರ್ಟ್ (ಸಿಕಲ್ ಸೆಲ್ ಖಚಿತಪಡಿಸುವ ರಕ್ತ ಪರೀಕ್ಷೆಯದ್ದು), ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಗಳು, ರಕ್ತ ಹಾಕಿಸಿದ ದಾಖಲೆ, ಸೊಂಟದ ಎಂಆರ್‌ಐ ಇದ್ದರೆ ಅದು, ಜೊತೆಗೆ ನೋವಿನ ಡೈರಿ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಒಯ್ಯಿರಿ. ಅರ್ಜಿ ತುಂಬಲು ಆಶಾ ಕಾರ್ಯಕರ್ತೆಯ ಅಥವಾ ಗ್ರಾಮ ಒನ್ ಕೇಂದ್ರದವರ ಸಹಾಯ ಕೇಳಿ.